ಹತ್ಯಾರು ನಮ್ಮದು, ಕೈ ನಿಮ್ಮದು

ಶನಿವಾರ ಬೆಳಿಗ್ಗೆ ಗೌರೀಶಂಕರ ಮಗಳ ತಲೆಗೆ ಎಣ್ಣೆ ಹಾಕಿ, ಎಡಗಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿ, ಬಲಗಡೆಯ ಕೂದಲಿಗೆ ಬಾಚಣಿಗೆ ಇಟ್ಟಿದ್ದನಷ್ಟೇ, ಫೋನು ಬಂತು. ಹೆಂಡತಿ ದೀಪ್ತಿ ನಾಯ್ಮಾರ್ಮೂಲೆಯ ಅಕ್ಷಯ ಕೇಂದ್ರದ ಕಂಪ್ಯೂಟರ್ ಕೆಲಸಕ್ಕೆ ಬೇಗ ಹೊರಡುವ ದಿನಗಳಲ್ಲಿ ಜಡೆಯ ಖಾತೆ ಅವನದ್ದು.

ಫೋನು ಮಾಡಿದವರು ರೆಜಿನಾಲ್ಡ್. ಬೋವಿಕಾನದ ಪೇಟೆಯಲ್ಲಿ ಗೌರೀಶಂಕರ ಗ್ಯಾರೇಜು ತೆರೆದಿದ್ದ ಶೆಡ್ಡಿನ ಧಣಿ.

"ಗೌರೀಶಂಕರ, ನಿನ್ನ ಗ್ಯಾರೇಜಿಗೆ ಒಂದು ನೊಣ ಬಂದದ್ದೂ ನಾನು ಕಾಣಲಿಲ್ಲ. ಚಪ್ಪರದವರು ಕುರ್ಚಿ ಇಡಲಿಕ್ಕೆ ಶೆಡ್ಡು ಕೇಳ್ತಾ ಇದ್ದಾರೆ. ಸಂಜೆ ಬರ್ತೇನೆ. ಒಬ್ಬನಾದ್ರೂ ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡುವುದು ನನ್ನ ಕಣ್ಣಿಗೆ ಬಿದ್ರೆ ಶೆಡ್ಡು ನಿನಗೆ. ಇಲ್ಲದಿದ್ರೆ ಬೀಗದ ಕೈ ವಾಪಸ್ ಕೊಡು ಮಾರಾಯ."

"ಒಬ್ಬನಾ? ನೀವು ಬರುವಾಗ ರಸ್ತೆವರೆಗೆ ಸಾಲು ಇರ್ತದೆ ನೋಡಿ" ಎಂದ ಗೌರೀಶಂಕರ. ಧೈರ್ಯದ ವಿಷಯದಲ್ಲಿ ಅವನಿಗೆ ಎಂದೂ ಬರಗಾಲ ಬಂದದ್ದಿಲ್ಲ.

ಅವನ ಯೋಜನೆ ಸರಳವಾಗಿತ್ತು. ಜಾಗ, ಜಾಕಿ, ಸ್ಪ್ಯಾನರಿನಂಥ ಹತ್ಯಾರು ಎಲ್ಲವೂ ಗಂಟೆಯ ಬಾಡಿಗೆಗೆ; ರಿಪೇರಿ ಮಾಡಿಕೊಳ್ಳುವುದು ಗಿರಾಕಿಯೇ. ಫೋನಿನಲ್ಲಿ ಇಂಥ ಗ್ಯಾರೇಜುಗಳ ವೀಡಿಯೋ ನೋಡಿ ನೋಡಿ ಅವನು ತನ್ನ ಫೋಟೋಸ್ಟಾಟ್ ಅಂಗಡಿಯನ್ನು ಮುಚ್ಚಿದ್ದ. 'ಜಾಗ ನಮ್ಮದು, ಹತ್ಯಾರು ನಮ್ಮದು, ಕೈ ನಿಮ್ಮದು' ಎಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬೋರ್ಡು ಬರೆಸಿದ್ದ. ಬೋರ್ಡನ್ನು ಊರೆಲ್ಲ ಓದಿತು. ಕೈ ಮಾತ್ರ ಯಾರದ್ದೂ ಬರಲಿಲ್ಲ.

ಅವನು ಮಗಳನ್ನು ಹಳೆಯ ಕಾರಿನಲ್ಲಿ ಕೂರಿಸಿ ಹೊರಟ. ಶ್ರೀರಂಜಿನಿಯ ತೊಡೆಯ ಮೇಲೆ ಅವಳ ಚೆನ್ನೆಮಣೆ, ಗುಳಿಗಳಲ್ಲಿ ಕಾಯಿ ಹಂಚುತ್ತ ಆಡುವ ಮರದ ಹಲಗೆ. ಎಡಗಡೆ ಜಡೆ, ಬಲಗಡೆ ಪೊರಕೆ. ತಿರುವು ಬಂದಲ್ಲೆಲ್ಲ ಕಾರು ಎಲ್ಲಿಂದಲೋ 'ಗಲಗಲ' ಎನ್ನುತ್ತಿತ್ತು. ಒಂದು ವಾರದಿಂದ ಅದಕ್ಕೆ ಈ ಕಾಯಿಲೆ.

"ಅಪ್ಪಾ, ಒಂದು ಕೇಳ್ಲಿಕ್ಕೆ ಉಂಟು."

"ಜಡೆಯದ್ದಲ್ವಾ? ಅಲ್ಲಿ ಹೋಗಿ ಹಾಕುವ ಮಗಾ."

ಶೆಡ್ಡಿನ ಮುಂದೆ ಕೇಶವಪ್ರಸಾದ ಮಾಷ್ಟ್ರು ಕಾರು ನಿಲ್ಲಿಸಿ ಕಾಯುತ್ತಿದ್ದರು. ನಿವೃತ್ತ ಹೆಡ್ಮಾಷ್ಟ್ರು, ಕಾರಿನ ಬಂಪರು ಒಂದು ಕಡೆ ಜೋತುಬಿದ್ದಿತ್ತು. ಗೌರೀಶಂಕರನ ಎದೆ ಅರಳಿತು. ಅವನು ಸ್ಪ್ಯಾನರನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ನೀಡಿದ.

ಮಾಷ್ಟ್ರು ಅದನ್ನು ನೋಡಿ, ಕುರ್ಚಿ ಎಳೆದು ಕೂತರು. "ಸುರು ಮಾಡು. ನಾನು ಇಲ್ಲಿಂದ ಹೇಳ್ತಾ ಹೋಗ್ತೇನೆ."

"ನೀವೇ ಮಾಡ್ಬೇಕು ಮಾಷ್ಟ್ರೇ. ಅದೇ ಇಲ್ಲಿಯ ವಿಶೇಷ."

"ನಾನೇ ಮಾಡುವುದಾದ್ರೆ ನಿನಗೆ ಬಾಡಿಗೆ ಎಂತಕ್ಕೆ?"

"ಜಾಗಕ್ಕೆ, ಹತ್ಯಾರಿಗೆ."

ಮಾಷ್ಟ್ರು ದನಿ ತಗ್ಗಿಸಿದರು. "ನೋಡು, ಇದು ನಾಲ್ಕು ಜನ ಓಡಾಡುವ ರಸ್ತೆ. ನನ್ನ ಗಾಡಿಯ ಅಡಿಯಲ್ಲಿ ನಾನೇ ಮಲಗಿದ್ರೆ ಜನ ಎಂತ ತಿಳಿಯುವುದು? ಮಾಷ್ಟ್ರಿಗೆ ಪೆನ್ಶನ್ ನಿಂತಿದೆ ಅಂತ."

ಪಕ್ಕದ ರಿಕ್ಷಾ ಸ್ಟ್ಯಾಂಡಿನ ಲತೇಶನನ್ನು ಕರೆದರೆ ಅವನದ್ದೂ ಅದೇ ರಾಗ. "ನನ್ನ ರಿಕ್ಷಾವನ್ನು ನಾನೇ ಬಿಚ್ಚಿದ್ರೆ ನಾಳೆ ಯಾರು ಹತ್ತುವುದು? ಇವನ ಗಾಡಿ ದಾರಿಯಲ್ಲಿ ಕೈ ಕೊಡ್ತದೆ ಅಂತ ಹೇಳ್ತಾರೆ."

ಮಧ್ಯಾಹ್ನ ಹತ್ತಿರ ಬರುತ್ತಿದ್ದಂತೆ ಗೌರೀಶಂಕರನಿಗೆ ದಾರಿ ಹೊಳೆಯಿತು. ರೆಜಿನಾಲ್ಡ್ ಕೇಳಿದ್ದು ತನ್ನ ಗಾಡಿಯನ್ನು ತಾನೇ ರಿಪೇರಿ ಮಾಡುವ ಒಬ್ಬನನ್ನು. ಆ ಒಬ್ಬ ತಾನೇ ಯಾಕಾಗಬಾರದು? ಅವನು ತನ್ನ ಕಾರನ್ನು ಒಳಗೆ ತಂದು, ಗಡಿಯಾರ ನೋಡಿ ತನಗೆ ತಾನೇ ಬಾಡಿಗೆ ಸುರು ಮಾಡಿ, ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ ತೆಗೆದ.

"ಎಂತ ಮಾಡ್ತಾ ಇದ್ದೀ?" ಕುರ್ಚಿಯಿಂದ ಮಾಷ್ಟ್ರು ಕೇಳಿದರು.

"ತಿರುವಿನಲ್ಲಿ ಗಲಗಲ ಅಂತದೆ ಮಾಷ್ಟ್ರೇ. ಇದರೊಳಗೆ ಅಂತ ನನಗೆ ಕಾಣ್ತದೆ."

"ಗಲಗಲ ಅಂದ್ರೆ ಅಡಿಯಲ್ಲಿ. ಕೊಡು ಇಲ್ಲಿ." ಮಾಷ್ಟ್ರು ಎದ್ದರು, ಮುಂಡು ಎತ್ತಿ ಕಟ್ಟಿದರು, ಸ್ಕ್ರೂಡ್ರೈವರು ಕಸಿದುಕೊಂಡರು, ಕಾರಿನ ಅಡಿಗೆ ಜಾರಿದರು. ಇನ್ನೊಬ್ಬರ ಕಾರಿನ ಅಡಿಯಲ್ಲಿ ಮಲಗಿದರೆ ಅದು ಉಪಕಾರ. ಉಪಕಾರ ಮಾಡುವವನ ಪೆನ್ಶನ್ ವಿಷಯ ಯಾರೂ ಎತ್ತುವುದಿಲ್ಲ.

"ಅಡಿಯಲ್ಲಿ ಅಲ್ಲ ಮಾಷ್ಟ್ರೇ, ಸೀಟಿನದ್ದು" ಎನ್ನುತ್ತ ಲತೇಶ ಬಂದ. ಅವನ ಹಿಂದೆ ಇಡೀ ರಿಕ್ಷಾ ಸ್ಟ್ಯಾಂಡು ಬಂತು. ಸೀಟುಗಳು ಹೊರಬಂದವು. ಬಂಪರು ಬಂತು, ಸೈಲೆನ್ಸರು ಬಂತು, ಒಂದು ಬಾಗಿಲೂ ಬಂತು. ಒಂದೊಂದು ಭಾಗ ಬಿಚ್ಚಿದಾಗಲೂ ಎಲ್ಲರೂ ಎದ್ದು, ಸುತ್ತ ನಿಂತು, ಕಾರನ್ನು ತೊಟ್ಟಿಲಿನಂತೆ ತೂಗುತ್ತಿದ್ದರು. ಗಲಗಲ. "ಉಂಟು, ಉಂಟು" ಎಂದು ಖುಷಿಯಿಂದ ಮತ್ತೆ ಕೆಳಗೆ ಮಲಗುತ್ತಿದ್ದರು. ಅಡಿಯಿಂದ ಚಾಚಿದ ಪಾದಗಳನ್ನು ನೋಡಿದರೆ ಕಾರಿಗೆ ಚಕ್ರ ಸಾಲದೆ ಕಾಲು ಮೂಡಿದಂತಿತ್ತು.

"ಅಪ್ಪಾ, ಒಂದು ಕೇಳ್ಲಾ?"

"ದೊಡ್ಡವರು ಕೆಲಸ ಮಾಡುವಾಗ ಮಧ್ಯ ಬಾಯಿ ಹಾಕ್ಬಾರದು ಮಗಾ" ಎಂದರು ಮಾಷ್ಟ್ರು, ಕಾರಿನ ಅಡಿಯಿಂದ. ಶಾಲೆಗೆ ಹೋಗುವ ಮಗು. ಹೆಡ್ಮಾಷ್ಟ್ರ ದನಿ ಎಲ್ಲಿಂದ ಬಂದರೂ ಹೆಡ್ಮಾಷ್ಟ್ರದ್ದೇ. ಶ್ರೀರಂಜಿನಿ ಹೋಗಿ ಹೊಸ್ತಿಲಲ್ಲಿ ಕೂತು ಚೆನ್ನೆಮಣೆ ಬಿಡಿಸಿದಳು.

ಪಕ್ಕದ ಸರ್ಬತ್ತು ಗೂಡಂಗಡಿಯ ಅಮ್ಮಣಿಯಕ್ಕ ಅವಳಿಗೊಂದು ಲಿಂಬೆ ಸರ್ಬತ್ತು ಕೊಡಲು ಬಂದವಳು ಅಲ್ಲೇ ನಿಂತಳು. "ನನ್ನ ಗಂಡನ ಜೀಪು ಹೀಗೇ ಅಳ್ತಾ ಇತ್ತು. ಬಾನೆಟ್ಟಿನೊಳಗೆ ನೋಡ್ಲಿಲ್ವಾ? ಇಷ್ಟು ಗಂಡಸರು ಸೇರಿ ಎಂತ ಮಾಡ್ತಾ ಇದ್ದೀರಿ?" ಎಂದು ಗೌರೀಶಂಕರನ ಕೈಯಲ್ಲಿ ಉಳಿದಿದ್ದ ಒಂದೇ ಒಂದು ಸ್ಪ್ಯಾನರನ್ನೂ ತೆಗೆದುಕೊಂಡಳು. "ನೀನು ಸ್ವಲ್ಪ ಅಂಗಡಿ ನೋಡು. ಸಕ್ಕರೆ ಕಡಿಮೆ ಹಾಕು."

ರೆಜಿನಾಲ್ಡ್ ಬಂದಾಗ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರಿನ ಹಿಂದಿನ ಸೀಟು ರಸ್ತೆಬದಿಯಲ್ಲಿತ್ತು. ಅದರ ಮೇಲೆ ಬಸ್ಸು ಕಾಯುವವರು ಸಾಲಾಗಿ ಕೂತು ಸರ್ಬತ್ತು ಕುಡಿಯುತ್ತಿದ್ದರು.

"ಸಾಯ್ಬಾ, ದೇವರೇ" ಎಂದರು ರೆಜಿನಾಲ್ಡ್. "ಇದು ಯಾರ ಗಾಡಿ?"

"ಗೌರೀಶಂಕರನದ್ದು" ಎಂದವು ಕೆಳಗಿನ ಕಾಲುಗಳು.

"ಅವನೆಲ್ಲಿ?"

ಗೌರೀಶಂಕರ ಗೂಡಂಗಡಿಯಿಂದ ಲಿಂಬೆ ಹಿಂಡುತ್ತಲೇ ಕೈ ಎತ್ತಿದ. ಇಡೀ ಪೇಟೆಯಲ್ಲಿ ಆ ಕಾರನ್ನು ರಿಪೇರಿ ಮಾಡದೆ ಇದ್ದವನು ಅವನೊಬ್ಬನೇ.

"ಹಾಗಾದ್ರೆ ತನ್ನ ಗಾಡಿಯನ್ನು ತಾನು ಮಾಡುವವನು ಒಬ್ಬನೂ ಇಲ್ಲ. ಬೀಗದ ಕೈ ಕೊಡು."

"ಒಂದು ನಿಮಿಷ." ಮಾಷ್ಟ್ರು ಹೊರಗೆ ತೆವಳಿದರು, ಮುಖಕ್ಕೆಲ್ಲ ಮಸಿ, ಕಣ್ಣಲ್ಲಿ ಮಾತ್ರ ಹತ್ತನೆಯ ಕ್ಲಾಸಿನ ಹುಡುಗನ ಹುರುಪು. "ಸದ್ದು ಸಿಕ್ಕದೆ ನಾನು ಮನೆಗೆ ಹೋಗುವ ಪ್ರಶ್ನೆ ಇಲ್ಲ. ಗಂಟೆಯ ಬಾಡಿಗೆ ನಾನು ಕೊಡ್ತೇನೆ. ನಾಳೆಯೂ ಬರ್ತೇನೆ."

"ನನ್ನದೂ ಬರ್ಕೊಳ್ಳಿ" ಎಂದ ಲತೇಶ.

ರೆಜಿನಾಲ್ಡ್ ಬಗ್ಗಿ, ಕಾರನ್ನೊಮ್ಮೆ ತಾವೇ ಅಲುಗಿಸಿದರು. ಗಲಗಲ. ಅವರ ಹುಬ್ಬು ಮೇಲೇರಿತು. ನಿಧಾನವಾಗಿ ತೋಳು ಮಡಚಿದರು. "ಇದು ಬೇರಿಂಗು. ಬರೆದು ಕೊಡ್ತೇನೆ ಬೇಕಾದ್ರೆ. ಸರಿ ಗೌರೀಶಂಕರ, ಈ ಸದ್ದು ಸಿಗುವವರೆಗೆ ಶೆಡ್ಡು ನಿನಗೆ. ಸಿಕ್ಕಿದ ದಿನ ಚಪ್ಪರದವರಿಗೆ."

ಗೌರೀಶಂಕರ ಲಿಂಬೆಯ ಕೈಯನ್ನು ಮುಂಡಿಗೆ ಒರೆಸಿಕೊಂಡ. ಅವನ ಎದೆ ಬೆಳಗಿನದ್ದಕ್ಕಿಂತ ಎರಡು ಪಟ್ಟು ಅರಳಿತ್ತು. "ನನ್ನ ಗಾಡಿಯ ಸದ್ದು ಅಷ್ಟು ಸುಲಭದ್ದಲ್ಲ ರೆಜಿನಾಲ್ಡರೇ. ವರ್ಷಗಟ್ಟಲೆ ಹುಡುಕ್ಬಹುದು."

ಅಷ್ಟರಲ್ಲಿ ಬಸ್ಸಿನಿಂದ ದೀಪ್ತಿ ಇಳಿದಳು. ತಮ್ಮ ಕಾರಿನ ಸೀಟನ್ನು ರಸ್ತೆಯಲ್ಲಿ ಗುರುತಿಸಿದಳು, ಬಾಗಿಲನ್ನು ಗೋಡೆಗೆ ಒರಗಿಸಿದಲ್ಲಿ ಗುರುತಿಸಿದಳು, ಗಂಡನನ್ನು ಸರ್ಬತ್ತಿನ ಅಂಗಡಿಯಲ್ಲಿ ಗುರುತಿಸಿದಳು. ನೇರ ಬಂದು ಮಗಳ ಹಿಂದೆ ಹೊಸ್ತಿಲಲ್ಲಿ ಕೂತು, ಬೆಳಗಿನಿಂದ ಕೆದರಿಯೇ ಇದ್ದ ಬಲಗಡೆಯ ಕೂದಲನ್ನು ಬೆರಳಲ್ಲೇ ಬಿಡಿಸಿ ಜಡೆ ಹಾಕತೊಡಗಿದಳು. ಮಗುವಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಬಾಯಲ್ಲಿ ಮಾತು ಇಟ್ಟುಕೊಂಡಾಗ ಅವಳದ್ದು ಹಾಗೆಯೇ.

"ಎಂತ ಮಗಾ? ಎಂತದೋ ಉಂಟಲ್ಲ ನಿನಗೆ?"

"ಕೇಳ್ಬಾರದಂತೆ."

"ನಾನು ಕೇಳಿಸಿಕೊಳ್ತೇನೆ, ಹೇಳು."

ಶೆಡ್ಡಿನೊಳಗೆ ರೆಜಿನಾಲ್ಡ್, ಮಾಷ್ಟ್ರು, ಲತೇಶ, ಅಮ್ಮಣಿಯಕ್ಕ ಎಲ್ಲರೂ ಸೇರಿ ಕಾರನ್ನು ಮತ್ತೊಮ್ಮೆ ತೂಗಿ, ಸದ್ದು ಎಲ್ಲಿಯದೆಂದು ಆಲಿಸಲು ಉಸಿರು ಬಿಗಿಹಿಡಿದು ನಿಂತಿದ್ದರು. ಶ್ರೀರಂಜಿನಿ ಎದ್ದು ನಿಂತು, ಶಾಲೆಯಲ್ಲಿ ಕಲಿಸಿದಂತೆ ಎಲ್ಲರಿಗೂ ಕೇಳುವ ಹಾಗೆ ಬಾಯಿ ಬಿಟ್ಟಳು.

"ಅಪ್ಪಾ, ಎಸಿಯ ಗಾಳಿ ಬರುವ ಕಿಂಡಿಯಲ್ಲಿ ನಾನು ಹಾಕಿದ ಚೆನ್ನೆಮಣೆಯ ಕಾಯಿ ಯಾರಿಗಾದ್ರೂ ಸಿಕ್ಕಿತಾ?"