ಎಲ್ಲಾರೂ ಎದ್ದು ನಿಂದರ್ರಿ, ಎರಡು ನಿಮಿಷ

ಯಾರರೆ ದೊಡ್ಡ ಮಂದಿ ತೀರಿಕೊಂಡ್ರು ಅಂದ್ರ ಟಿವಿಯವರಿಗಿಂತ ಜಲ್ದಿ ನನ್ನ ಫೋನ್ ಹೊಡಕೋತದ. ಹುಮನಾಬಾದದಾಗ ನಂದು ಮೈಕ್ ಸೆಟ್ ಅಂಗಡಿ. ಮದುವಿ, ಪುರಾಣ, ಶ್ರದ್ಧಾಂಜಲಿ ಸಭಾ, ಎಲ್ಲಾಕೂ ಅದೇ ಡಬ್ಬಿ, ಅದೇ ವೈರು. ಹ್ಯಾಂಗೂ ಮೈಕ್ ಇವನ ಕೈಯಾಗೇ ಇರ್ತದಲ್ಲ ಅಂತ, "ಎಲ್ಲಾರೂ ಎದ್ದು ನಿಂದರ್ರಿ, ಎರಡು ನಿಮಿಷ ಮೌನ" ಅಂತ ಹೇಳೋ ಕೆಲಸಾನೂ ನನಗೇ ಹಚ್ಚಿಬಿಟ್ಟಾರ. ಸಿನಿಮಾದವರು, ಕ್ರಿಕೆಟಿನವರು, ಪೇಪರಿನವರು, ಎಲ್ಲಾರಿಗೂ ನಾನೇ ಮೌನ ಹೇಳೀನಿ. ಖರೇ ಹೇಳ್ತೀನ್ರಿ, ಒಬ್ಬರಿಗೂ ಅದು ಬರೋಬ್ಬರಿ ಆಗಿಲ್ಲ.

ಈ ಸಭಾಗಳಿಗೆಲ್ಲ ತಪ್ಪದ ಬರವ್ರು ಒಬ್ಬರೇ, ಬಸವಕಲ್ಯಾಣದ ನಾಟಕದ ಕಾಕಾ. ಹರೇದಾಗಿಂದ ಊರೂರ ತಿರುಗಿ ಹಾಸ್ಯ ಪಾತ್ರ ಮಾಡಿದವರು. ಮುಂದಿನ ಸಾಲಿನ್ಯಾಗ ಕುಂತು ಪೂರಾ ಸಭಾ ನೋಡೂದು, ಮುಗದ ಮ್ಯಾಲ ನನ್ನ ಬಲ್ಲಿ ಬಂದು ತಕರಾರು ಹೇಳೂದು. ಸತ್ತವರ ಬಗ್ಗೆ ಅವರಿಗೆ ದುಃಖ ಇರ್ತಿತ್ತು, ಇಲ್ಲ ಅನ್ನೂದಿಲ್ಲ. ಆದ್ರ ಜಾಸ್ತಿ ಫಿಕರ್ ಇದ್ದದ್ದು ಮುಂದ ತಾವು ಹೋದಾಗ ಆಗೋ ತಮ್ಮ ಸಭಾದ್ದು.

ನಟರ ಅಣ್ಣತಮ್ಮರು

ಭಾಳ ದೊಡ್ಡ ನಟರೊಬ್ಬರು ಹೋದ್ರು. ನಮ್ಮ ಹುಡುಗರು ಬಸ್ ಸ್ಟ್ಯಾಂಡ್ ಮುಂದ ಫ್ಲೆಕ್ಸ್ ಕಟ್ಟಿದ್ರು. ಮ್ಯಾಲ ಮೂಲ್ಯಾಗ ನಟರ ಫೋಟೋ, ಚಹಾದ ಬಸಿಯಷ್ಟು. ನಡುವ ನಮ್ಮ ಮುಖಂಡರ ಫೋಟೋ, ಮೊರದಷ್ಟು, ಕೈ ಮುಗದು ನಿಂತಾರ. ಕೆಳಗ "ಮತ್ತೆ ಹುಟ್ಟಿ ಬಾ" ಅಂತ ಬರದಿತ್ತು.

ಕೊಹಿನೂರ ಹಳ್ಳಿಯ ಒಬ್ಬ ಮುದುಕಿ ಬಸ್ಸಿಳದು ಬಂದಾಕಿ, ಫ್ಲೆಕ್ಸ್ ನೋಡಿ ಅಲ್ಲೇ ನಿಂತು ಅಳಾಕತ್ತಳು. "ಮೊನ್ನಿ ನಮ್ಮೂರಿಗೆ ಬಂದಿದ್ನಲ್ಲೋ ಯಪ್ಪಾ, ಗಟ್ಟಿಮುಟ್ಟ ಇದ್ದ!" ಅಷ್ಟರಾಗ ಜೀಪಿನಿಂದ ಮುಖಂಡರು ಇಳದ್ರು. ಮುದುಕಿ ಅವರನ್ನೊಮ್ಮೆ ನೋಡಿದಳು, ಫ್ಲೆಕ್ಸನ್ನೊಮ್ಮೆ ನೋಡಿದಳು, ಹೋಗಿ ಕೈ ಹಿಡಕೊಂಡಳು.

"ಹೋದವ ನಿಮ್ಮ ಅಣ್ಣಾ ಏನ್ರಿ? ಥೇಟ್ ನಿಮ್ಮಂಗೇ ಇದ್ದ."

ಸುತ್ತಾ ಮಂದಿ ನಿಂತಿತ್ತು. ಮುಖಂಡರು ಗಂಟಲು ಸರಿ ಮಾಡಿಕೊಂಡು, "ಹೌದವ್ವಾ" ಅಂದ್ರು.

ಹೋಗಾಗ ಕಾಕಾ ನನಗ ಹೇಳಿದ್ರು: "ನನ್ನ ಫ್ಲೆಕ್ಸಿನ್ಯಾಗ ನನ್ನ ಮಾರಿ ಒಂದೇ ಇರ್ಲೋ. ಸತ್ತವ ಯಾರು ಅಂತ ಮಂದಿಗೆ ಗೊತ್ತಾಗಬೇಕು."

ನಷ್ಟವಿಲ್ಲದ ಮೌನ

ಒಬ್ಬ ಕ್ರಿಕೆಟಿಗರು ತೀರಿಕೊಂಡಾಗ ನಾರಾಯಣಪುರದ ಹುಡುಗರು ಅವರ ನೆನಪಿಗೆ ಟೂರ್ನಮೆಂಟ್ ಇಟ್ರು. ಕಾಮೆಂಟರಿಗೆ ಅಂತ ಒಬ್ಬ ಮಾಸ್ತರ್ರು ಬಂದಿದ್ರು. ಅವರ ಗುಣ ಏನಂದ್ರ, ಕೈಯಾಗ ಮೈಕ್ ಇದ್ದಾಗ ಅವರಿಗೆ ಸುಮ್ಮ ಇರಾಕ ಬರೂದಿಲ್ಲ. ಊಟ ಮಾಡಾಗೂ ಪಲ್ಯಾ ಏನದ ಅಂತ ಮೈಕಿನ್ಯಾಗ ಹೇಳವ್ರು.

ಎರಡೂ ಟೀಮಿನವರು ಸಾಲಾಗಿ ನಿಂತ್ರು. ನಾ ಮೌನ ಹೇಳಿದೆ. ಎಲ್ಲಾರೂ ತಲಿ ಬಗ್ಗಿಸಿದ್ರು. ಮಾಸ್ತರ್ರಿಗೆ ತಡಕೊಳ್ಳಾಕ ಆಗಲಿಲ್ಲ. ಎರಡನೇ ಮೈಕ್ ಚಾಲೂ ಆತು, ಸಣ್ಣ ದನೀಲೆ.

"ಎರಡೂ ತಂಡದವರು ಭಾಳ ಚೊಲೋ ಮೌನ ಮಾಡಾಕತ್ತಾರ... ಹುಮನಾಬಾದ ತಂಡದ ಕೀಪರ್ ಸ್ವಲ್ಪ ಅಲಗಾಡಿದ, ಸಂಭಾಳಿಸಿಕೊಂಡ... ಈಗ ಒಂದು ನಿಮಿಷ ಮುಗದದ. ವಿಕೆಟ್ ನಷ್ಟ ಇಲ್ಲ."

ಮಂದಿ ಚಪ್ಪಾಳಿ ಹೊಡೀತು. ನಾ ಹೋಗಿ ವೈರ್ ಕಿತ್ತಿದೆ. ಮಾಸ್ತರ್ರು ಇಂದಿಗೂ ನನ್ನ ಮ್ಯಾಲ ಸಿಟ್ಟು, "ಕಡೀ ಓವರಿನ್ಯಾಗ ಕೈ ಕೊಟ್ಟಿ" ಅಂತಾರ.

ಆವಾಜ್ ಬಂದಿಲ್ಲ

ಆಮ್ಯಾಲ ಒಬ್ಬ ಹಿರೇ ಪತ್ರಕರ್ತರು ಹೋದ್ರು. ಬಸವಕಲ್ಯಾಣದಾಗ ಸಭಾ. ಪತ್ರಿಕಾದವರ ಪೈಕಿ ಒಬ್ಬರೂ ತಪ್ಪಿಸಲಿಲ್ಲ, ಎಲ್ಲಾರೂ ಬಂದ್ರು. ಆದ್ರ ಎಲ್ಲಾರೂ ಸುದ್ದಿ ಮಾಡಾಕ ಬಂದವರು. ಸ್ಟೇಜಿನ ಕಡೆ ಬೆನ್ನು ಮಾಡಿ, ಫೋನ್ ಎತ್ತಿ ಹಿಡದು, ಸಭಿಕರ ಫೋಟೋಕ್ಕ ನಿಂತ್ರು. ಕುರ್ಚಿ ಮ್ಯಾಲ ಕಾಕಾ ಒಬ್ಬರೇ.

ನಾ ಮೌನ ಹೇಳಿದೆ. ಕಾಕಾ ಎದ್ದು ನಿಂತ್ರು.

"ಕಾಕಾ, ಫ್ರೇಮ್ ಖಾಲಿ ಕಾಣಾಕತ್ತದ್ರಿ," ಅಂದ ಒಬ್ಬ. "ಸ್ವಲ್ಪ ಅಗಲಾಗಿ ನಿಂದರ್ರಿ."

ಕಾಕಾ ಕೈ ಅಗಲ ಮಾಡಿ ನಿಂತು ಎರಡು ನಿಮಿಷ ಮುಗಿಸಿದ್ರು. ಕುಂದ್ರಬೇಕು ಅನ್ನೂದ್ರಾಗ ಒಬ್ಬ ಚಾನೆಲ್ಲಿನ ಹುಡುಗ ಫೋನ್ ಕಿವಿಗೆ ಹಿಡದು ನೋಡಿ, ಪರೇಶಾನ್ ಆಗಿ ಓಡಿ ಬಂದ.

"ಕಾಕಾ, ಇನ್ನೊಮ್ಮೆ ಮೌನ ಮಾಡ್ರಿ. ವಿಡಿಯೋದಾಗ ಆವಾಜೇ ಬಂದಿಲ್ಲ."

ಕಾಕಾ ಇನ್ನೊಮ್ಮೆ ಮಾಡಿದ್ರು. ಆವತ್ತ ಚಹಾ ಕುಡಿಯಾಗ ನನ್ನ ಕೈ ಗಟ್ಟಿ ಹಿಡದ್ರು. ಮಾರಿ ಮ್ಯಾಲ ನಗಿ ಇದ್ದಿದ್ದಿಲ್ಲ.

"ನನಗ ಈ ಮೌನ ಬ್ಯಾಡೋ ತಮ್ಮಾ. ಜನ್ಮಪೂರ್ತಿ ಮಂದೀನ ನಗಿಸೀನಿ. ನನ್ನ ಸಭಾದಾಗ ಎರಡು ನಿಮಿಷ ನಗಬೇಕು ಎಲ್ಲಾರೂ. ಹೇಳ್ತಿಯಿಲ್ಲೋ?"

"ಹೇಳ್ತೀನ್ರಿ ಕಾಕಾ. ಆದ್ರ ನಗ್ತಾರೇನ್ರಿ?"

"ನಾ ಸ್ಟೇಜಿಗೆ ಬಂದ್ರ ಸಾಕು, ಹಿಂದಿನ ಸಾಲಿನಿಂದ ನಗಿ ಶುರು ಆಗ್ತಿತ್ತು. ಪ್ರತೀ ಊರಾಗ ಹಿಂದಿನಿಂದೇ. ಯಾಕಂತ ನನಗೂ ಗೊತ್ತಿಲ್ಲ."

ಕಾಕಾರ ಸಭಾ

ಈ ವರ್ಷ ಕಾಕಾ ಹೋದ್ರು. ನನಗ ಭಾಳ ಕೆಟ್ಟ ಅನಿಸ್ತು. ಮಾತು ಕೊಟ್ಟಿದ್ನಲ್ಲ, ಅದರ ಹೆದರಿಕಿ ಬ್ಯಾರೆ. ಫ್ಲೆಕ್ಸಿನ್ಯಾಗ ಅವರ ಮಾರಿ ಒಂದೇ ಹಾಕಿಸಿದೆ. ಮುಖಂಡರು ಬಂದು ಫ್ಲೆಕ್ಸ್ ಎರಡೆರಡು ಸಲ ಹುಡುಕಿ ನೋಡಿ ಕುಂತ್ರು. ಕಾಮೆಂಟರಿ ಮಾಸ್ತರ್ರು ಬಂದ್ರು, ಪತ್ರಿಕಾದವರು ಬಂದ್ರು. ಹಾಲ್ ತುಂಬಿತು. ಕಾಕಾರ ಹೆಂಡತಿ ಕಾಕೂನ್ನ ಮುಂದಿನ ಸಾಲಿನ್ಯಾಗ, ಕಾಕಾ ಕುಂದ್ರತಿದ್ದ ಕುರ್ಚಿ ಮ್ಯಾಲೇ ಕುಂದರ್ಸಿದ್ರು.

ನಾ ಮೈಕ್ ಹಿಡದೆ. "ಎಲ್ಲಾರೂ ಎದ್ದು ನಿಂದರ್ರಿ. ಕಾಕಾರ ಕಡೀ ಆಶಾ ಇತ್ತು. ಮೌನ ಬ್ಯಾಡ. ಎರಡು ನಿಮಿಷ ಎಲ್ಲಾರೂ ನಗ್ರಿ."

ಎಲ್ಲಾರೂ ಎದ್ದು ನಿಂತ್ರು. ಒಬ್ಬರೂ ನಗಲಿಲ್ಲ. ಕೆಮ್ಮಿಲ್ಲ, ಫೋನಿಲ್ಲ, ಕುರ್ಚಿ ಸಪ್ಪಳ ಇಲ್ಲ. ಪತ್ರಿಕಾದವರು ಫೋನ್ ಕೆಳಗಿಳಿಸಿದ್ರು. ಕಾಮೆಂಟರಿ ಮಾಸ್ತರ್ರು ಎರಡೂ ಕೈಲೆ ಬಾಯಿ ಮುಚ್ಚಿಕೊಂಡು ನಿಂತಿದ್ರು. ನಾನರೆ ನಗಬೇಕಂತ ಬಾಯಿ ತಗದೆ, ಹಂಗೇ ಮುಚ್ಚಿದೆ. ಇಷ್ಟು ವರ್ಷದಾಗ ಅಂಥ ಬರೋಬ್ಬರಿ ಮೌನ ನಾ ನೋಡಿಲ್ಲ. ಬ್ಯಾಡ ಅಂದವರಿಗೇ ಸಿಕ್ತು!

ಕಾಕೂ ಹೊಳ್ಳಿ ಹಾಲ್ ಪೂರಾ ನೋಡಿದ್ರು. "ಎಲ್ಲಾ ಊರಾಗೂ ಮೊದಲ ಹಿಂಗೇ ನಗದ ಇರ್ತಿತ್ತು ಮಂದಿ," ಅಂದ್ರು.

ಆಮ್ಯಾಲ ಸೆರಗು ಸರಿ ಮಾಡಿಕೊಂಡು, ನಡುವಿನ ದಾರೀಲೆ ಸಾವಕಾಶ ನಡಕೋತ ಹೋಗಿ ಕಟ್ಟಕಡೀ ಸಾಲಿನ ಕುರ್ಚಿ ಮ್ಯಾಲ ಕುಂತ್ರು. ಫ್ಲೆಕ್ಸಿನ ಮ್ಯಾಲಿನ ಕಾಕಾರ ಮಾರಿ ನೋಡಿದ್ರು. ಹೊಟ್ಟಿ ಹಿಡಕೊಂಡು ಜೋರಲೆ ನಗಾಕತ್ತರು.

ಅವರ ಬಾಜೂಕಿನವರಿಗೆ ನಗಿ ಬಂತು, ಅವರ ಮುಂದಿನವರಿಗೆ ಬಂತು. ಹಿಂದಿನಿಂದ ಶುರು ಆಗಿ ಸ್ಟೇಜಿನ ತನಕ ಬಂತು. ಮುಖಂಡರು ನಕ್ರು, ಮಾಸ್ತರ್ರು ಬಾಯಿಂದ ಕೈ ತಗದು ನಕ್ರು, ನಾ ನಕ್ಕೋತ ಅತ್ತೆ. ಎರಡು ನಿಮಿಷ ಆತು ಅಂತ ಹೇಳಾಕ ನನ್ನ ಕೈಲೆ ಆಗಲಿಲ್ಲ.

ಎಲ್ಲಾ ಮುಗದ ಮ್ಯಾಲ ಅದೇ ಚಾನೆಲ್ಲಿನ ಹುಡುಗ ಕಣ್ಣು ಒರಸಿಕೋತ ಕಾಕೂನ ಬಲ್ಲಿ ಹೋದ. "ಕಾಕೂ, ನಗೂದ್ರಾಗ ವಿಡಿಯೋ ಮಾಡೂದೇ ಮರ್ತೆ. ಇನ್ನೊಮ್ಮೆ ನಗ್ರಿ."

ಕಾಕೂ ಸೆರಗಿಲೆ ಮಾರಿ ಒರಸಿಕೊಂಡ್ರು.

"ಸಾಕಪ್ಪಾ. ಲಗ್ನ ಆದಾಗಿಂದ ಊರೂರಾಗ ಹಿಂದ ಕುಂತು ಇದೇ ಕೆಲಸ ಮಾಡೀನಿ, ಇವರಿಗೆ ಕಡೀ ತನಕ ಗೊತ್ತಾಗಗೊಟ್ಟಿಲ್ಲ. ಇನ್ನ ನೀವ ನಗ್ರಿ."