ಮಾವನಿಗೆ ಎರೆದ ನೀರು

ಈ ಸಲ ಮಾವನ ಮನಸ್ಸು ಗೆದ್ದೇ ತೀರುತ್ತೇನೆ ಎಂದು ಸಣ್ಣಬೀರಪ್ಪ ಹೆಂಡತಿಯ ಎದುರು ಶಪಥ ಮಾಡಿದ. ಅದು ೧೯೫೯. ಮದುವೆಯಾದ ಮರುವರ್ಷವೇ ಹದಡಿಯ ಹೊಲ ಬಿಟ್ಟು, ದಾವಣಗೆರೆಯ ಹೋಟೆಲಿನಲ್ಲಿ ದೋಸೆ ಹೊಯ್ಯಲು ನಿಂತ ಅಳಿಯನ ಮೇಲೆ ಮುನಿದು, ಹರಿಹರದ ಕೆಂಚಣ್ಣ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ಮಗಳು ಹೊನ್ನಕ್ಕ ಗೋಗರೆದು ಕರೆಸಿದ್ದಳು. ಬೆಳಗಿನ ರೈಲಿಗೆ ಬಂದವನಿಗೆ ಎಣ್ಣೆ ತಿಕ್ಕಿ ಬಚ್ಚಲಲ್ಲಿ ಕೂರಿಸಿಯೂ ಆಗಿತ್ತು.

"ನೀರು ನಾ ಹದ ಮಾಡೀನಿ. ನೀವು ಬರೀ ಹಾಕ್ರಿ," ಎಂದಳು ಹೊನ್ನಕ್ಕ.

"ದಿನಾ ಕಾದ ಕಾವಲಿ ಮುಂದೆ ನಿಲ್ಲೋ ಕೈ ಇದು. ಬಿಸಿ ಯಾವ್ದು, ತಂಪು ಯಾವ್ದು ಅಂತ ಇದಕ್ಕೆ ಹೇಳ್ಕೊಡ್ತೀಯಾ?"

ಸಣ್ಣಬೀರಪ್ಪ ಬಕೀಟಿಗೆ ಕೈ ಅದ್ದಿದ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಂತಿತ್ತು. ಪಾಪ, ಮಾವನಿಗೆ ಚಳಿಯಾದೀತು ಎಂದು ಹಂಡೆಯಿಂದ ಮತ್ತಷ್ಟು ಬಿಸಿನೀರು ಸುರಿದ. ಈಗ ಹಿತವೆನಿಸಿತು. ಭಕ್ತಿಯಿಂದ ಒಂದು ತಂಬಿಗೆ ಮಾವನ ಬೆನ್ನಿಗೆ ಎರೆದ.

ಕೆಂಚಣ್ಣ ಕೂತಲ್ಲಿಂದಲೇ ಹಾರಿದ. ಲಂಗೋಟಿಯಲ್ಲೇ, ಮೈಯೆಲ್ಲ ಎಣ್ಣೆ ಸುರಿಸುತ್ತಾ ಬೀದಿ ನಲ್ಲಿಯವರೆಗೂ ಓಡಿದ. ಅಲ್ಲಿ ನೀರಿಗೆ ನಿಂತಿದ್ದ ಪಕ್ಕದ ಮನೆಯ ಜೈನಾಬಿ, ಸೆರಗಿನಿಂದ ಮುಖ ಮುಚ್ಚಿಕೊಂಡೇ ತನ್ನ ತುಂಬಿದ ಕೊಡವನ್ನು ಆತನ ಬೆನ್ನಿಗೆ ಬಗ್ಗಿಸಿದಳು.

ಮರಳಿ ಬಂದವನೇ, "ಹೊನ್ನಿ, ನನ್ನ ಚೀಲ ಕೊಡು. ನಿನ್ನ ಗಂಡ ನನ್ನನ್ನೇ ದೋಸೆ ಅನ್ಕಂಡಾನೆ," ಎಂದ.

ಸಣ್ಣಬೀರಪ್ಪ ಗಾಬರಿಯಿಂದ ಮತ್ತೆ ಬಕೀಟಿಗೆ ಕೈ ಅದ್ದಿದ. "ಉಗುರುಬೆಚ್ಚಗೇ ಐತಲ್ರೀ ಮಾವಾರೆ."

"ಮೊಣಕೈ ಇಟ್ಟು ನೋಡ್ರಿ," ಎಂದಳು ಹೊನ್ನಕ್ಕ.

ಇಟ್ಟ. ಇಟ್ಟವನೇ ಹಿಂದಕ್ಕೆ ನೆಗೆದು ಸೌದೆಯ ರಾಶಿಯ ಮೇಲೆ ಬಿದ್ದ.

ಕೆಂಚಣ್ಣ ಅಳಿಯನನ್ನು ಕೈ ಹಿಡಿದು ಎಬ್ಬಿಸಿದ. ಹಿಡಿದ ಕೈ ಬಿಡಲಿಲ್ಲ. ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ನೇಗಿಲು ಹಿಡಿದ ತನ್ನ ಕೈಗಿಂತ ಹೆಚ್ಚು ಜಡ್ಡುಗಟ್ಟಿತ್ತು.

"ಉರಿಯಾದಿಲ್ಲೇನೋ?"

"ಮೊದ್ಲು ಉರೀತಿತ್ತು. ಈಗ ಗೊತ್ತಾಗಲ್ರೀ."

ಕೆಂಚಣ್ಣ ಚೀಲದ ಮಾತು ಮರೆತ. "ನನ್ನ ಮಗಳು ಕೈ ಹಿಡಿದ್ರಾದ್ರೂ ಗೊತ್ತಾಗ್ತೈತೋ ಇಲ್ಲೋ?"

"ಅದಕ್ಕೆ ಕೈ ಯಾಕ್ರಿ? ಬಳೆ ಸದ್ದಿಗೇ ಗೊತ್ತಾಗ್ತೈತೆ." ಸಣ್ಣಬೀರಪ್ಪನ ಎದೆ ಮತ್ತೆ ಉಬ್ಬಿತು.

"ಸುಳ್ಳಪ್ಪ," ಎಂದಳು ಬಕೀಟಿಗೆ ತಣ್ಣೀರು ಬೆರೆಸುತ್ತಿದ್ದ ಹೊನ್ನಕ್ಕ. "ಸೌದೆ ಒಡೀರಿ ಅಂತ ಎದ್ದಾಗಿಂದ ಕೂಗ್ತಿದೀನಿ. ಕೇಳ್ಸೇ ಇಲ್ಲ."

ಕೆಂಚಣ್ಣ ಬಚ್ಚಲ ಕಲ್ಲಿನ ಮೇಲೆ ಕೂತು, ಅಳಿಯನಿಗೆ ಮತ್ತೆ ಬೆನ್ನು ಕೊಟ್ಟ.

"ಬಿಡವ್ವ, ಆ ಜಡ್ಡು ನನ್ನ ಕಿವಿಗೂ ಐತೆ. ಬೇಕಾದ್ರ ನಿಮ್ಮವ್ವನ್ನ ಕೇಳು."