ಕೋಡಿನ ಮೇಲೆ ಲಡಾಯಿ ಪಟ್ಟಿ

ಅಂದಪ್ಪ ಅಂದು ಕುಷ್ಟಗಿಯಿಂದ ಯಲಬುರ್ಗಿಗೆ ಹೊತ್ತು ತಂದದ್ದು ಉಪ್ಪಲ್ಲ, ಚಿಮಣಿ ಎಣ್ಣೆಯಲ್ಲ, ಒಂದು ಭಯಂಕರ ಸುದ್ದಿ. ಅದನ್ನು ಹೇಳುವ ಉಮೇದಿನಲ್ಲಿ ಎದೆ ಎಷ್ಟು ಉಬ್ಬಿತ್ತೆಂದರೆ ತಲೆ ಬಗ್ಗಿಸುವುದೇ ಮರೆತುಹೋಯಿತು. ಅತ್ತೆಯ ಮನೆಯ ಬಾಗಿಲು ತಲೆ ಬಗ್ಗಿಸದವರನ್ನು ಒಳಗೆ ಬಿಟ್ಟದ್ದೇ ಇಲ್ಲ. (ಮನೆಅಳಿಯನಾದವನಿಗೆ ಬಾಗಿಲು ಸಹ ಅತ್ತೆಯ ಪಕ್ಷವೇ.) ಚೌಕಟ್ಟು ಹಣೆಗೆ ಬಡಿಯಿತು, ತಲೆಗೆ ಸುತ್ತಿದ್ದ ಪಟಗ ಉರುಳಿ, ಬಾಗಿಲ ಒಳಮಗ್ಗುಲಿಗೇ ಕಟ್ಟಿದ್ದ ಎಮ್ಮೆಯ ಮೇವಿನ ಗ್ವಾದಲಿಗೆ ಬಿತ್ತು. ಎಮ್ಮೆ ಅದನ್ನು ಸೊಪ್ಪೆಯೆಂದೇ ಭಾವಿಸಿ ಮೆಲ್ಲತೊಡಗಿತು.

"ಅತ್ತಿಯವ್ರ, ಕುಷ್ಟಗ್ಯಾಗ ಯಾರೋ ಸರ್ಕಾರದವ್ರು ಅಂತ ಸುಳ್ಳು ಹೇಳಿಕೊಂಡು, ಮುದುಕರ ಮನಿ ಅಷ್ಟ ಹುಡುಕಿ ಲಡಾಯಿ ಪಟ್ಟಿ ಅಂತ ಕರ ವಸೂಲಿ ಮಾಡಾಕ ಹತ್ಯಾರ. ಅಲ್ಲೀ ಮುದುಕಿ ಪಕ್ಕೀರವ್ವನ ಕಾಲಾಗಿನ ಬೆಳ್ಳಿ ಖಡೇನ ಬಿಚ್ಚಿಸಿಕೊಂಡು ಹೋಗ್ಯಾರ. ಇವತ್ತು ಕೊಟ್ರ ಅರ್ಧಾ ಮಾಫಿ, ಇಲ್ಲಂದ್ರ ದನಾ ಜಪ್ತಿ, ಯಾರ ಮುಂದೂ ಹೇಳಬ್ಯಾಡ, ಹಿಂಗಂತಾರಂತ. ಇನ್ನು ನಿಮ್ಮನ್ನ ಕಾಪಾಡೂ ಜವಾಬ್ದಾರಿ ನಂದು."

"ಕಾಪಾಡ್ರಿ," ಎಂದಳು ಅತ್ತೆ ಶಿವಬಸಮ್ಮ. "ಮೊದ್ಲ ಪಟಗ ಕಾಪಾಡಿಕೊಳ್ರಿ. ಅರ್ಧಾ ಒಳಗ ಹೋಗೇತಿ."

ಶಿವಬಸಮ್ಮನ ಸಾಮ್ರಾಜ್ಯವೆಂದರೆ ಆ ಎಮ್ಮೆ. ಗಂಡ ಹೋದ ಮೇಲೆ ಅದರ ತುಪ್ಪ ಮಾರಿಯೇ ಮಗಳ ಮದುವೆ ಮಾಡಿದಳು, ಬಂದ ಅಳಿಯನನ್ನೂ ಸಾಕಿದಳು. ಅಂದಪ್ಪನದು ಹತ್ತಿ ದಲಾಲಿ. ಅದರಲ್ಲಿ ಅವನಿಗೆ ಈವರೆಗೆ ದಕ್ಕಿದ್ದು ಅಂಗಿಗೆ ಅಂಟಿದ ಹತ್ತಿ ಮಾತ್ರ. ಎಮ್ಮೆ ಹೋಯಿತೆಂದರೆ ಮುದುಕಿ ಈ ವಯಸ್ಸಿನಲ್ಲಿ ಇನ್ನೊಬ್ಬರ ಮುಂದೆ ಕೈ ಚಾಚಬೇಕಿತ್ತು. ಹಾಗೆ ಅವಳು ಕೈ ಚಾಚಲು ಮನೆಯಲ್ಲಿ ಇದ್ದ ಆ ಇನ್ನೊಬ್ಬ ಅಂದಪ್ಪನೇ ಎಂಬುದನ್ನು ನೆನೆದರೆ ಅವನಿಗೇ ಎದೆ ಝಲ್ಲೆನ್ನುತ್ತಿತ್ತು.

ಆದ್ದರಿಂದ ಮಹಾಪಾಠ ಶುರುವಾಯಿತು.

"ಯಾರನ ಬಂದ್ರ, 'ನಮ್ಮ ಅಳ್ಯಾರು ಮನ್ಯಾಗಿಲ್ಲ' ಅನ್ರಿ."

"ನೀವು ಇದ್ರನೂ?"

"ಇದ್ರನೂ."

ಬೀಸುಕಲ್ಲಿನ ಮುಂದೆ ಕೂತಿದ್ದ ಹೆಂಡತಿ ಕಳಕಮ್ಮ, "ಇವ್ರು ಇದ್ದಾಗ ಹಂಗನ್ನೂದ ಛಲೋ, ಯವ್ವಾ," ಎಂದಳು.

ಆ ವಾರದಲ್ಲೇ ಒಂದು ಮುಂಜಾನೆ ಆಸಾಮಿ ಬಂದೇ ಬಿಟ್ಟ. ಶೇರವಾನಿ, ರೂಮಿ ಟೋಪಿ, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಕಟ್ಟೆಯ ಕೆಳಗೆ ಕಾಲಿನ ಕೆರ ಬಿಟ್ಟು, ಬಾಗಿಲಿಗೆ ಕೈ ಮುಗಿದು ನಿಂತ. ಎಮ್ಮೆಯ ಮರೆಯಲ್ಲಿ ಹಾಲು ಹಿಂಡುತ್ತಿದ್ದ ಶಿವಬಸಮ್ಮ ಕತ್ತೆತ್ತಿ ಒಮ್ಮೆ ನೋಡಿದಳು.

"ಅಳ್ಯಾರ, ಯಾರೋ ಬಂದಾರ. ಮಾತಾಡಿಸ್ರಿ," ಎಂದು ಒಳಗಿದ್ದ ಅಂದಪ್ಪನನ್ನು ಹೊರಗೆ ಕಳಿಸಿದಳು.

"ಅಂದಪ್ಪನವ್ರಲ್ಲೇನ್ರಿ ತಾವು?" ಎಂದ ಬಂದವನು. "ಕೊಪ್ಪಳದ ತನಕ ತಮ್ಮ ಹೆಸರೈತಿ. ಓದಿಕೊಂಡವ್ರು ಸಿಕ್ಕಿದ್ದು ನನ್ನ ನಸೀಬ. ಉಳಿದವ್ರಿಗೆ ಕಾನೂನು ಹೇಳಿ ಹೇಳಿ ಗಂಟ್ಲ ಹರದೈತಿ."

ಅಂದಪ್ಪ ತನ್ನ ಸರ್ಕಾರಿ ಉರ್ದು ಭಂಡಾರವನ್ನೆಲ್ಲ ಒಮ್ಮೆಗೇ ಖಾಲಿ ಮಾಡಿ ಅವನನ್ನು ಕಟ್ಟೆಯ ಮೇಲೆ ಕೂರಿಸಿದ.

"ಲಡಾಯ್ಯಾಗ ಕೊಂಬು ಊದಬೇಕ್ರಿ. ಕೊಂಬಿಗೆ ಕೋಡು ಬೇಕು. ಅದಕ್ಕ ಕೋಡಿನ ಮ್ಯಾಲೆ ಪಟ್ಟಿ ಹಾಕ್ಯಾರ. ನಿಮ್ಮ ಎಮ್ಮೀದು ಸುರುಳಿ ಕೋಡು, ದುಪ್ಪಟ್ಟು ಬೀಳ್ತೈತಿ. ತಮ್ಮಂಥವ್ರಿಗಂತ ಅರ್ಧಾ ಮಾಫಿ ಮಾಡ್ತೀನಿ, ಇವತ್ತೊಂದ ದಿನ. ಸಂಜಿ ಆತಂದ್ರ ಜವಾನರು ಎಮ್ಮಿ ಹೊಡಕೊಂಡು ಹೋಗ್ತಾರ. ಮನ್ಯಾಗ ಹಿರೇರ ಮುಂದ ಹೇಳಬ್ಯಾಡ್ರಿ, ಹೆದರ್ತಾರ."

ಇವೇ ಮಾತುಗಳನ್ನು ಅಂದಪ್ಪ ಅತ್ತೆಗೆ ಗಿಳಿಪಾಠ ಮಾಡಿಸಿದ್ದ. ಆದರೆ ಅದು ಮುದುಕರ ಪಾಠ. ಕೊಪ್ಪಳದ ತನಕ ಹೆಸರಿದ್ದವರಿಗೆ ಅನ್ವಯಿಸತಕ್ಕದ್ದಲ್ಲ. ಎಮ್ಮೆ ಉಳಿಸಿದ ಅಳಿಯನೆಂದು ಓಣಿಯೆಲ್ಲ ಹಾಡಿ ಹೊಗಳುವುದು ಅವನ ಕಿವಿಗೆ ಆಗಲೇ ಕೇಳಿಸುತ್ತಿತ್ತು. ಕಿಸೆಯಲ್ಲಿ ಏನೂ ಇರಲಿಲ್ಲ. ಸೊಂಟದ ಬೆಳ್ಳಿ ಉಡದಾರ ಬಿಚ್ಚಿ ಆಸಾಮಿಯ ಕೈಗಿಟ್ಟ. ಉಡದಾರದ ಆಸರೆ ತಪ್ಪಿದ ಧೋತರ ಕೆಳಗೆ ಹೊರಟಿತು. ಅದನ್ನು ಎರಡೂ ಕೈಯಿಂದ ಹಿಡಿದು, ಗಂಭೀರವಾಗಿ ನಿಂತ.

ಆಗ ಹಾಲಿನ ಚರಿಗೆ ಹಿಡಿದು ಶಿವಬಸಮ್ಮ ಹೊರಗೆ ಬಂದಳು.

"ಸರ್ಕಾರದವ್ರಾ? ನಿಮ್ಮ ಕುದ್ರಿ ಎಲ್ಲಿ ಕಟ್ಟೀರಿ? ಹುಲ್ಲು ಹಾಕಿಸ್ಬೇಕು."

"ನಡಕೊಂಡ ಬಂದೀನವ್ವ."

"ಗಂಟು ಹೊರಾಕ ಬಿಟ್ಟಿ ಆಳು ಯಾರನ್ನ ಹಿಡಿದೀರಿ?"

"ಯಾರ್ನೂ ಇಲ್ಲವ್ವ."

"ಹಾಲು ಕುಡೀರಿ. ಈಗ ಹಿಂಡಿದ್ದು."

"ಬ್ಯಾಡವ್ವ. ನಿಮಗ್ಯಾಕ ತ್ರಾಸು?"

ಶಿವಬಸಮ್ಮ ತಲೆಯಾಡಿಸಿದಳು. ಚರಿಗೆ ಕೆಳಗಿಟ್ಟು, ಒಳಗೆ ಹೋಗಿ ಎಮ್ಮೆಯನ್ನೇ ಬಿಚ್ಚಿ ಹೊರಗೆ ತಂದಳು.

"ಪಟ್ಟಿ ತುಂಬಾಕ ನಮ್ಮ ಕಡಿಂದ ಆಗೂದಿಲ್ರಿ. ಜಪ್ತೀನ ಮಾಡ್ರಿ. ಗೌಡ್ರು, ಕುಲಕರ್ಣ್ಯಾರು ಬಂದು ಎದುರಿಗೆ ನಿಂತ್ರ ಮುಗೀತು. ಕಳಕಿ, ಗೌಡ್ರ ಮನಿಗೆ ಓಡು. ಅಲ್ಲೀತನಕ ಹಗ್ಗ ಹಿಡೀರಿ ಸಾಹೇಬ್ರ. ಒಂದ ಕೈಲೆ ನಿಲ್ಲೂದಿಲ್ಲದು; ಆ ಉಡದಾರ ಇತ್ತ ಕೊಡ್ರಿ, ನಾ ಹಿಡಕೋತೀನಿ."

ಆಸಾಮಿ ಉಡದಾರ ಕೊಟ್ಟು ಹಗ್ಗ ಹಿಡಿದ. ಶಿವಬಸಮ್ಮನನ್ನು ಬಿಟ್ಟು ಇನ್ನೊಬ್ಬರ ಕೈಯನ್ನು ಆ ಎಮ್ಮೆ ಕಂಡಿರಲಿಲ್ಲ. ಅದು ಓಣಿಯ ತುದಿಯ ತನಕ ಸರ್ಕಾರವನ್ನು ಎಳೆದೊಯ್ದಿತು. ಕಳಕಮ್ಮ ಗೌಡರ ಮನೆ ಮುಟ್ಟುವಷ್ಟರಲ್ಲಿ ಎಮ್ಮೆ ತಾನೇ ತಿರುಗಿ ಬಂದಿತು. ಸರ್ಕಾರ ಮಾತ್ರ ಕುಕನೂರಿನ ದಾರಿಯಲ್ಲಿ ಬರಿಗಾಲಲ್ಲಿ ಓಡುತ್ತಿತ್ತು.

ಮಧ್ಯಾಹ್ನದೊಳಗೆ ಓಣಿಯ ಮುದುಕ ಮುದುಕಿಯರೆಲ್ಲ ಶಿವಬಸಮ್ಮನ ಕಟ್ಟೆಯ ಮೇಲೆ ನೆರೆದರು. ಅಂದಪ್ಪ ಇಷ್ಟು ದಿನ ಗಂಟಲು ಹರಿದುಕೊಂಡ ಪಾಠವನ್ನು ಅವಳು ಎರಡು ಮಾತಿನಲ್ಲಿ ಮುಗಿಸಿದಳು.

"ಖರೇ ಸರ್ಕಾರದಾವ ನಮ್ಮ ಅಂಗಳದಾಗ ಯಾವತ್ತರ ಕೆರ ಬಿಟ್ಟಾನೇನ್ರವ್ವ? ಹಾಲು ಬ್ಯಾಡ ಅಂದಾನ? ಬಂದಾವಗ ಮೊದ್ಲ ಹಾಲು ಕೊಡ್ರಿ. ಒಲ್ಲೆ ಅಂದ್ರ ಗೌಡ್ರನ್ನ ಕರೀರಿ."

ಗಾಳೆಮ್ಮ, ಹುಲಿಗವ್ವ ಹೂಂಗುಟ್ಟಿದರು. ಅಂದಪ್ಪನೂ ಹೂಂಗುಟ್ಟಿದ. ಇಷ್ಟು ವರ್ಷ ಇದೇ ಹೆಂಗಸಿನ ಮನೆಯಲ್ಲಿ ಉಂಡು, ಇವಳನ್ನು ಕಾಪಾಡಲು ಹೊರಟ ತನ್ನ ಧೈರ್ಯಕ್ಕೆ ತಾನೇ ಬೆರಗಾದ. ಎಲ್ಲರೂ ಎದ್ದು ಹೋದ ಮೇಲೆ ಉಡದಾರ ಕಟ್ಟಿಕೊಳ್ಳುತ್ತ ಮೆಲ್ಲಗೆ ಕೇಳಿದ:

"ಅತ್ತಿಯವ್ರ, ಅಂವ ಕೆರ ಬಿಟ್ಟು ಕೈ ಮುಗಿದಾಗನ ನಿಮಗ ತಿಳಿದಿತ್ತೇನು?"

"ತಿಳಿದಿತ್ತು."

"ಮತ್ತ ಅಷ್ಟೊತ್ತನಕ ನನ್ನನ್ಯಾಕ ಅವನ ಜೋಡಿ ಕುಂದ್ರಿಸಿದ್ರಿ?"

"ಹಾಲು ಹಿಂಡೂದು ಇನ್ನಾ ಅರ್ಧಾ ಇತ್ತು," ಎಂದಳು ಶಿವಬಸಮ್ಮ.